ಜೇಬಿನಲ್ಲಿದ್ದ ಗೇಜಿಗೂ ಸರ್ಟಿಫಿಕೇಟ್

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಅಂದರೆ, ಮಾಲು ಚೆನ್ನಾಗಿ ಬಂದರೆ ಅದು ಆಪರೇಟರ್ ಕೈಗುಣ. ವಾಪಸ್ ಬಂದರೆ ನನ್ನ ಹಣೆಬರಹ.

ಏಪ್ರಿಲ್‌ನಲ್ಲಿ ಕಸ್ಟಮರ್ ಕಡೆಯಿಂದ ಆಡಿಟ್ ಇದೆ ಅಂತ ಮೇಲ್ ಬಂತು. ರಿಜಿಸ್ಟರ್ ತೆಗೆದು ನೋಡಿದರೆ 14 ಗೇಜುಗಳ, ಅಂದರೆ ಅಳತೆ ಸಾಮಾನುಗಳ, ಕ್ಯಾಲಿಬ್ರೇಷನ್ ಅವಧಿ ಮುಗಿದು ಹೋಗಿದೆ. ಅವು ಸರಿಯಾಗಿ ಅಳೆಯುತ್ತವೆಯೇ ಅಂತ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದೇ ಕ್ಯಾಲಿಬ್ರೇಷನ್. ಸರಿ, ಕಳಿಸೋಣ ಅಂತ ಗೇಜುಗಳನ್ನು ಹುಡುಕಲು ಹೊರಟೆ. ಒಂದು ವರ್ನಿಯರ್ ಸ್ಟೋರ್ಸಿನಲ್ಲಿ ಬಿಲ್ಲುಗಳ ಮೇಲೆ ಪೇಪರ್‌ವೇಟ್ ಆಗಿತ್ತು. ಮೈಕ್ರೋಮೀಟರ್ ಒಂದು ತುಂಡನ್ನು ಕಚ್ಚಿ ಹಿಡಿದುಕೊಂಡು ಕ್ಲ್ಯಾಂಪಿನ ಕೆಲಸ ಮಾಡುತ್ತಿತ್ತು. 0.01 ಮಿಲಿಮೀಟರ್ ಅಳೆಯುವ ಸಾಮಾನು ಅದು. ತಲೆಕೂದಲಿನ ದಪ್ಪವೇ ಅದರ ಐದಾರು ಪಟ್ಟು ಇರುತ್ತದೆ. ನಮ್ಮ ಹಿರಿಯ ಫಿಟ್ಟರ್ ಅಣ್ಣನನ್ನು ಕೇಳಿದರೆ, "ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಸಾರ್" ಎಂದರು.

ಎಷ್ಟು ಹುಡುಕಿದರೂ ಏಳನೇ ನಂಬರಿನ ಪ್ಲಗ್ ಗೇಜ್ ಮಾತ್ರ ಸಿಗಲಿಲ್ಲ. ಎರಡು ತುದಿಯ ಗಟ್ಟಿ ಉಕ್ಕಿನ ಕಡ್ಡಿ ಅದು. ಒಂದು ತುದಿ 'ಗೋ', 12.000 ಮಿ.ಮೀ. ಇನ್ನೊಂದು 'ನೋ ಗೋ', 12.018. ಕೊರೆದ ತೂತಿನೊಳಗೆ ಮೊದಲನೆಯದು ಹೋಗಬೇಕು, ಎರಡನೆಯದು ಹೋಗಬಾರದು. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ಅರ್ಧ ವ್ಯಾಪಾರ ಈ 18 ಮೈಕ್ರಾನಿನ ಸಂದಿಯಲ್ಲೇ ನಡೆಯುವುದು.

ಆಮೇಲೆ ಸಿಗುತ್ತೆ ಬಿಡು ಅಂತ ಉಳಿದ 13ನ್ನು ಗೋಣಿದಾರ ಕಟ್ಟಿದ ಡಬ್ಬದಲ್ಲಿ ಹಾಕಿ, ಪಟ್ಟಿ ಮಾತ್ರ ಪೂರ್ತಿ 14ರದ್ದೇ ಇಟ್ಟು, ನಾವು ಯಾವಾಗಲೂ ಕಳಿಸುವ ಲ್ಯಾಬಿಗೆ ಕೊಟ್ಟುಬಂದೆ. ಕಡಿಮೆ ರೇಟು, ಬೇಗ ಕೆಲಸ. ಒಂದು ಬೇಕರಿಯ ಮೇಲಿನ ರೂಮು. ಕಿಟಕಿ ತೆರೆದಿತ್ತು, ಫ್ಯಾನು ಗರಗರ ಅನ್ನುತ್ತಿತ್ತು. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು.

ಮರುದಿನ ಸಂಜೆ ಸರ್ಟಿಫಿಕೇಟ್ ಬಂತು. ಎಣಿಸಿದೆ. 14.

ಇನ್ನೊಮ್ಮೆ ಎಣಿಸಿದೆ. 14. ಏಳನೇ ನಂಬರಿನದೂ ಇತ್ತು. ಸುಮ್ನೆ ಇರಲಿಲ್ಲ, ಎಲ್ಲಕ್ಕಿಂತ ಚೆನ್ನಾಗಿಯೇ ಇತ್ತು. 'ಗೋ' ತುದಿ 12.001. ಕೋಣೆಯ ಉಷ್ಣತೆ 20.2 ಡಿಗ್ರಿ. ಮುಂದಿನ ತಪಾಸಣೆ, ಮುಂದಿನ ಏಪ್ರಿಲ್. ಕೆಳಗೆ ಸಹಿ, ಸೀಲು.

ಆ ಗೇಜು ಅಷ್ಟೂ ಹೊತ್ತು ಎಲ್ಲಿತ್ತು ಅಂತ ಗೊತ್ತಾಗಿದ್ದು ರಾತ್ರಿ ಮನೆಯಲ್ಲಿ. ಹೆಂಡತಿ ಒಗೆಯಲು ನನ್ನ ಜರ್ಕಿನ್ ಎತ್ತಿದಳು, ಜೇಬಿನಿಂದ ಠಣ್ ಅಂತ ಬಿತ್ತು. ಲ್ಯಾಬಿಗೆ ಫೋನ್ ಮಾಡಿದೆ. ಹುಡುಗನಿಗೆ ಒಂಚೂರೂ ಗಾಬರಿಯಿಲ್ಲ. "ಲಿಸ್ಟಲ್ಲಿ ಇತ್ತಲ್ವಾ ಸಾರ್?" ಎಂದ.

ನಂಬಿಕಸ್ಥ ಲ್ಯಾಬು ಹುಡುಕುವ ನನ್ನ ಯಾತ್ರೆ ಶುರುವಾಗಿದ್ದು ಅಲ್ಲಿಂದ. ಎರಡನೇ ಲ್ಯಾಬಿನವರು ಫೋನಿನಲ್ಲೇ ಕೇಳಿದರು, "ಎರರ್ ಎಷ್ಟು ಹಾಕ್ಲಿ ಸಾರ್?" ಕಾಫಿಗೆ ಸಕ್ಕರೆ ಕೇಳಿದ ಹಾಗೆ. ಫೋನ್ ಇಟ್ಟೆ.

ಆಮೇಲೆ ಸ್ವಲ್ಪ ಓದಿಕೊಂಡೆ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮುದ್ರೆ ಇದ್ದರೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಇಲ್ಲವಂತೆ. ಯಾವ ಸಾಮಾನಿಗೆ, ಎಲ್ಲಿಂದ ಎಲ್ಲಿಯವರೆಗಿನ ಅಳತೆಗೆ ಮಾನ್ಯತೆ ಸಿಕ್ಕಿದೆ ಅನ್ನುವ 'ಸ್ಕೋಪ್' ಪಟ್ಟಿ ನೋಡಬೇಕು. ಥರ್ಮಾಮೀಟರಿಗೆ ಮಾನ್ಯತೆ ಪಡೆದವರು ಪ್ಲಗ್ ಗೇಜಿಗೂ ಪಡೆದಿರಬೇಕು ಅಂತೇನಿಲ್ಲ. ಆಮೇಲೆ ಅವರ ಮಾಸ್ಟರನ್ನು, ಅಂದರೆ ನಮ್ಮ ಗೇಜನ್ನು ಹೋಲಿಸಿ ನೋಡುವ ಅವರ ಮೂಲ ಅಳತೆ ಸಾಮಾನನ್ನು, ಪರೀಕ್ಷೆ ಮಾಡಿದ್ದು ಯಾರು, ಅವರದ್ದನ್ನು ಯಾರು ಅಂತ ಕೇಳುತ್ತಾ ಹೋಗಬೇಕು. ಹೆಣ್ಣು ಕೊಡುವಾಗ ಗೋತ್ರ ವಿಚಾರಿಸಿದ ಹಾಗೆ. ಗೋತ್ರ ಸರಿಯಿದ್ದರೆ ಅದು ಸಾಮಾನ್ಯವಾಗಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಹೋಗಿ ಮುಟ್ಟುತ್ತದೆ.

ಮೂರನೇ ಲ್ಯಾಬಿನಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಆಗಲೇ ಅನ್ನಿಸಿತು, ಇದು ಬೇರೆ ಥರದ ದೇವಸ್ಥಾನ. ಒಳಗೆ ಚಳಿ. ಗ್ಲೌಸ್ ಹಾಕಿದ್ದ ಮೇಡಂ ಒಬ್ಬರು ನಮ್ಮ 14 ಗೇಜುಗಳನ್ನು ಒಂದೊಂದಾಗಿ ಒರೆಸಿ ಕಪ್ಪು ಗ್ರಾನೈಟಿನ ಮೇಲೆ ಸಾಲಾಗಿ ಇಟ್ಟರು. ಮಕ್ಕಳನ್ನು ಮಲಗಿಸಿದ ಹಾಗೆ.

"ಸಂಜೆ ಬಂದು ತಗೊಂಡು ಹೋಗ್ಲಾ ಮೇಡಂ?"

"ಸಂಜೆನಾ? ಇವು ಇನ್ನೂ ಬಿಸಿ ಇವೆ. ನಾಳೆ ತನಕ ಮಲಗಿರ್ಲಿ. ಆಮೇಲೆ ಅಳೀತೀವಿ."

ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. 100 ಮಿ.ಮೀ. ಉದ್ದದ ಉಕ್ಕು 10 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 11 ಮೈಕ್ರಾನ್ ಬೆಳೆಯುತ್ತದೆ. ಬೇಕರಿಯ ಮೇಲಿನ ರೂಮಿನಲ್ಲಿ ಅದು ಬನ್ನಿನ ಜೊತೆ ಎಷ್ಟು ಉಬ್ಬುತ್ತಿತ್ತೋ! ಮೇಡಂ ಎರಡು ಸ್ಲಿಪ್ ಗೇಜುಗಳನ್ನು, ಅಂದರೆ ನಿಖರ ಅಳತೆಯ ನುಣುಪು ಬಿಲ್ಲೆಗಳನ್ನು, ಒಂದರ ಮೇಲೊಂದು ಮೆಲ್ಲಗೆ ಉಜ್ಜಿ, ಮೇಲಿನದನ್ನು ಹಿಡಿದು ಎತ್ತಿ ತೋರಿಸಿದರು. ಕೆಳಗಿನದೂ ಜೊತೆಗೇ ಎದ್ದು ಬಂತು. ಗೋಂದಿಲ್ಲ, ಅಯಸ್ಕಾಂತವಿಲ್ಲ. ಮುಖ ಅಷ್ಟು ಸಪಾಟಾಗಿದ್ದರೆ ಹಾಗೆ ಅಂಟಿಕೊಳ್ಳುತ್ತವಂತೆ. ಬಾಯಿ ಬಿಟ್ಟುಕೊಂಡು ನೋಡಿದೆ. ರೇಟು ಹೇಳಿದಾಗಲೂ ಬಾಯಿ ಹಾಗೇ ಇತ್ತು.

ನಾಲ್ಕನೇ ದಿನ ರಿಪೋರ್ಟ್ ಬಂತು. ಕ್ಲ್ಯಾಂಪಿನ ಕೆಲಸ ಮಾಡುತ್ತಿದ್ದ ಮೈಕ್ರೋಮೀಟರ್ ಔಟ್. ಅದು ಗೊತ್ತಿದ್ದದ್ದೇ. ಏಳನೇ ನಂಬರಿನ ಪ್ಲಗ್ ಗೇಜೂ ಔಟ್! 'ಗೋ' ತುದಿ ಸವೆದು 11.994ಕ್ಕೆ ಇಳಿದಿತ್ತು. ಆರು ಮೈಕ್ರಾನ್. ಅಂದರೆ ತೂತು ಚಿಕ್ಕದಾಗಿದ್ದರೂ ಅದು ಸಲೀಸಾಗಿ ಒಳಗೆ ಹೋಗಿ 'ಓಕೆ' ಅಂತಿತ್ತು.

ಆಗ ನನಗೆ ಕಸ್ಟಮರ್ ಮೇಲ್‌ಗಳು ನೆನಪಾದವು. ಮೂರು ತಿಂಗಳಿಂದ ಬರೆಯುತ್ತಿದ್ದರು, "ನಿಮ್ಮ ತೂತಿನಲ್ಲಿ ಪಿನ್ ಹೋಗುತ್ತಿಲ್ಲ." ಮೂರು ಸಲವೂ ನಾನು ಗತ್ತಿನಿಂದ ಉತ್ತರಿಸಿದ್ದೆ, "ನಿಮ್ಮ ಪಿನ್ ದಪ್ಪ ಇದೆ, ದಯವಿಟ್ಟು ಪರೀಕ್ಷಿಸಿ."

ರಿಪೋರ್ಟ್ ಹಿಡಿದು ಓನರ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಓದಿದರು. ಆಮೇಲೆ ಬಿಲ್ಲು ಓದಿದರು.

"ಅಲ್ರೀ, ಈ ಲ್ಯಾಬ್ ಸರಿ ಇಲ್ಲ ಅನ್ಸುತ್ತೆ."

"ಯಾಕೆ ಸರ್?"

"ಆ ಹಳೇ ಲ್ಯಾಬಲ್ಲಿ ಎಲ್ಲಾ ಪಾಸ್ ಆಗ್ತಿತ್ತಲ್ಲ. ಇವರು ಜಾಸ್ತಿ ದುಡ್ಡೂ ತಗೊಂಡು ಫೇಲೂ ಮಾಡಿದಾರೆ. ಎರಡರಲ್ಲಿ ಒಂದಾದ್ರೂ ನೋಡ್ಬೇಕಲ್ವಾ?"

ಸುಳ್ಳು ಯಾಕೆ, ರಿಪೋರ್ಟ್ ಬಿಚ್ಚಿದಾಗ ನನಗೂ ಮೊದಲು ಅನ್ನಿಸಿದ್ದು ಅದೇ.

ಕೊನೆಗೆ ಹೊಸ ಪ್ಲಗ್ ಗೇಜ್ ಬಂತು. ಆಡಿಟ್ ಮುಂದಿನ ತಿಂಗಳಿಗೆ ಹೋಯಿತು. ಪಿನ್ನಿನವರಿಗೆ ಕ್ಷಮಾಪಣೆಯ ಮೇಲ್ ಬರೆಯಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಹಳೇ ಗೇಜಿಗೆ ನಿಯಮದ ಪ್ರಕಾರ ಕೆಂಪು ಬಣ್ಣ ಬಳಿದು ಮೂಲೆಗೆ ಇಟ್ಟೆವು.

ಮೊನ್ನೆ ಟೀ ಹೊತ್ತಿಗೆ ಮೂಲೆಯಿಂದ ಟಪ್ ಟಪ್ ಶಬ್ದ. ನೋಡಿದರೆ ಫಿಟ್ಟರ್ ಅಣ್ಣ ಅದೇ ಏಳನೇ ನಂಬರಿನ ಗೇಜು ಹಿಡಿದು ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಾರೆ.

"ಇದಕ್ಕೂ ಸರ್ಟಿಫಿಕೇಟ್ ಬೇಕಾ ಸಾರ್?" ಎಂದು ನಕ್ಕರು.

ಒಳಗೆ ಹೋಗಿ ಹಳೇ ಫೈಲ್ ತೆಗೆದು ನೋಡಿದೆ. ಇತ್ತು. ಮುಂದಿನ ಏಪ್ರಿಲ್‌ವರೆಗೂ.