ಗೊಂಬೆ ಸಿನಿಮಾ ಅಂತ ಮಗಳನ್ನೂ ಕೂರಿಸಿಕೊಂಡೆ

ಭಾನುವಾರ ಊಟ ಆದ ಮೇಲೆ, ಗೊಂಬೆ ಸಿನಿಮಾ ಅಲ್ವಾ ಎಂದು ಒಂಬತ್ತು ವರ್ಷದ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ‘ಮೇರಿ ಅಂಡ್ ಮ್ಯಾಕ್ಸ್’ ಹಾಕಿದೆ. ಸಿನಿಮಾದಲ್ಲಿ ಕಿಟಕಿಯಿಂದ ಏಸಿ ಜಾರಿ ರಸ್ತೆಯಲ್ಲಿ ಮೂಕಾಭಿನಯ ಮಾಡುತ್ತಿದ್ದವನ ಮೇಲೆ ಬಿತ್ತು. ಮಗಳು ಕಿಸಕ್ಕನೆ ನಕ್ಕಳು. ಆಮೇಲೆ, “ಸತ್ತೋದ್ನಾ?” ಎಂದಳು. ಹೂಂ ಅನ್ನಬೇಕಾದ ನಾನೂ ನಗುತ್ತಿದ್ದೆ. ಇದು ಸರಿಹೋಗಲ್ಲ ಅನ್ನಿಸಿ ಅವಳನ್ನು ಅಜ್ಜಿ ಹತ್ತಿರ ಕಳಿಸಿದೆ.

2009ರ ಆಸ್ಟ್ರೇಲಿಯಾದ ಸಿನಿಮಾ, ನಿರ್ದೇಶಕ ಆಡಮ್ ಎಲಿಯಟ್. ಮೆಲ್ಬರ್ನ್‌ನ ಎಂಟು ವರ್ಷದ ಮೇರಿಗೆ ಹಣೆ ಮೇಲೊಂದು ಕಂದು ಮಚ್ಚೆ, ಗೆಳೆಯರು ಯಾರೂ ಇಲ್ಲ. ಅಪ್ಪ ಫ್ಯಾಕ್ಟರಿಯಲ್ಲಿ ಟೀ ಬ್ಯಾಗಿಗೆ ದಾರ ಕಟ್ಟುತ್ತಾನೆ, ಮನೆಗೆ ಬಂದರೆ ಸತ್ತ ಹಕ್ಕಿಗಳ ಹೊಟ್ಟೆಗೆ ಏನೇನೋ ತುಂಬಿ ಕೆಡದಂತೆ ಇಡುತ್ತಾನೆ. ಅಮ್ಮ ಯಾವಾಗಲೂ ಶೆರಿ ಅನ್ನುವ ವೈನಿನ ಮತ್ತಿನಲ್ಲಿ. 1976ರಲ್ಲಿ ಈ ಹುಡುಗಿ ನ್ಯೂಯಾರ್ಕಿನ ಫೋನ್ ಡೈರೆಕ್ಟರಿಯಲ್ಲಿ ಸುಮ್ನೆ ಒಂದು ಹೆಸರು ಆರಿಸಿ ಅಲ್ಲಿಗೆ ಕಾಗದ ಹಾಕುತ್ತಾಳೆ. ಅದು ಸಿಗುವುದು ನಲವತ್ತನಾಲ್ಕು ವರ್ಷದ ಒಂಟಿ ಮನುಷ್ಯ ಮ್ಯಾಕ್ಸ್‌ಗೆ. ಅವನಿಗೆ ಜನರ ಮುಖ ನೋಡಿ ಅವರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಮುಂದೆ ಡಾಕ್ಟರು ಅದಕ್ಕೆ ಆಸ್ಪರ್ಜರ್ಸ್ ಎಂದು ಹೆಸರಿಡುತ್ತಾರೆ. ಮೇರಿಯ ಊರೆಲ್ಲ ಕಂದು, ಮ್ಯಾಕ್ಸ್‌ನ ಊರೆಲ್ಲ ಬೂದಿ. ಅವಳು ಕಳಿಸಿದ ಕೆಂಪು ಉಲ್ಲನ್ ಕುಚ್ಚು ಅವನ ಟೋಪಿ ಮೇಲೆ ಕೂತಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೇರಿಯ ಅಮ್ಮ ಸಾಯುವ ರೀತಿ ಕೇಳಿ. ಶೆರಿ ಅಂದುಕೊಂಡು, ಹಕ್ಕಿ ಕೆಡದಂತೆ ಇಡುವ ಔಷಧಿ ಕುಡಿದುಬಿಡುತ್ತಾಳೆ. ಕಥೆ ಹೇಳುವವನ ದನಿ ಹವಾಮಾನ ವರದಿ ಓದಿದಷ್ಟೇ ತಣ್ಣಗೆ. ಇದನ್ನೇ ಬದುಕಿರುವ ನಟಿಯೊಬ್ಬಳು ಮಾಡಿದ್ದರೆ ನನಗೆ ಸಿಟ್ಟು ಬರುತ್ತಿತ್ತೋ ಏನೋ. ಗೊಂಬೆ ಅಂದಾಗ ನಗುವುದಕ್ಕೆ ಯಾರೋ ಪರ್ಮಿಷನ್ ಕೊಟ್ಟ ಹಾಗೆ. ನಮ್ಮ ತೊಗಲು ಗೊಂಬೆಯಾಟದ ಕೋಡಂಗಿ ಕಿಳ್ಳೇಕ್ಯಾತನೂ ಅಷ್ಟೇ ಅಲ್ವಾ? ಮನುಷ್ಯರು ಆಡಲಾಗದ್ದನ್ನು ರಾಮಾಯಣದ ನಡುವೆ ನುಗ್ಗಿ ಆಡಿ ಹೋಗುತ್ತಾನೆ. ಗೊಂಬೆ ಅಂದರೆ ಮಕ್ಕಳಿಗೆ ಅಂತ ನಮ್ಮ ತಲೆಯಲ್ಲಿ ಕೂತದ್ದು ಯಾವಾಗಲೋ!

ದೊಡ್ಡಪ್ಪ ಹೋದ ದಿನ ನೆನಪಾಯಿತು. ಹೆಣ ಇನ್ನೂ ನಡುಮನೆಯಲ್ಲಿತ್ತು. ಅವರ ಫೋನು ಹೊಡೆದುಕೊಂಡಿತು, ಲೋನ್ ಬೇಕಾ ಸಾರ್ ಅನ್ನುವ ಹುಡುಗಿ. ದೊಡ್ಡಮ್ಮನೇ ಎತ್ತಿ, “ಇನ್ಮೇಲೆ ಅವರಿಗೆ ಬೇಡಮ್ಮ,” ಎಂದರು. ಅಳುತ್ತಿದ್ದವರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಈ ಸಿನಿಮಾದ ನಗುವೂ ಅದೇ ಜಾತಿಯದು.

ಕೆಲಸವೂ ಸಾಮಾನ್ಯದ್ದಲ್ಲ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಫೋಟೋ ತೆಗೆ, ಮತ್ತೆ ಸರಿಸು. ಒಂದು ಸೆಕೆಂಡಿಗೆ 24 ಫ್ರೇಮು. 212 ಗೊಂಬೆ, 133 ಸೆಟ್, ಶೂಟಿಂಗೇ 57 ವಾರ. ಎಲ್ಲ ಸೇರಿ ಒಂದೂವರೆ ಗಂಟೆ ಸಿನಿಮಾ. ನಡುವೆ ಸ್ವಲ್ಪ ಎಳೆದಿದ್ದಾರೆ ಅನ್ನಿ, ಕಷ್ಟದ ಮೇಲೆ ಕಷ್ಟ ಪೇರಿಸುವುದು ಜಾಸ್ತಿ ಆಯಿತು. ಆದರೆ ಕೊನೆಯ ಐದು ನಿಮಿಷದಲ್ಲಿ ಆ ದೂರೆಲ್ಲ ಮರೆತೇ ಹೋಯಿತು. ಏನಾಗುತ್ತದೆ ಅಂತ ನಾನು ಹೇಳಲ್ಲ.

ದುಃಖ ಆದರೂ ತನಗೆ ಅಳು ಬರಲ್ಲ ಎಂದು ಮ್ಯಾಕ್ಸ್ ಒಮ್ಮೆ ಬರೆಯುತ್ತಾನೆ. ಮೇರಿ ಅತ್ತು, ಕಣ್ಣೀರನ್ನು ಒಂದು ಪುಟ್ಟ ಬಾಟಲಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತಾಳೆ. ಮಗಳು ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಲೇ ಇದ್ದಳಂತೆ, ಆಮೇಲೆ ಗೊತ್ತಾಯಿತು. ಸಂಜೆ ಅಡುಗೆಮನೆಗೆ ಹೋದರೆ ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದರು. ಇವಳು ಟಾನಿಕ್ ಬಾಟಲಿಯ ಮುಚ್ಚಳ ಹಿಡಿದುಕೊಂಡು ಅವರ ಗಲ್ಲದ ಕೆಳಗೆ ನಿಂತಿದ್ದಳು.