ಮಾಟಗಾತಿಗೆ ಮೇಕಪ್

1692ರ ಜೂನ್ ತಿಂಗಳಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸೇಲಂ ಊರಿನವರು ಬ್ರಿಜೆಟ್ ಬಿಷಪ್ ಎಂಬ ಹೆಂಗಸನ್ನು ಮಾಟಗಾತಿ ಎಂದು ನೇಣಿಗೆ ಹಾಕಿದರು. ಆಕೆಯ ವಿರುದ್ಧ ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯಗಳಲ್ಲಿ ಎರಡನ್ನು ಇಂದಿನ ಗೊಂಬೆಪ್ರಿಯರು ತಪ್ಪದೆ ಓದಬೇಕು. ಆಕೆ ಹಿಂದೆ ವಾಸವಿದ್ದ ಮನೆಯ ನೆಲಮಾಳಿಗೆಯ ಗೋಡೆ ಕೆಡವಲು ಹೋದ ಇಬ್ಬರಿಗೆ ಗೋಡೆಯ ಸಂದಿಯಲ್ಲಿ ಗೊಂಬೆಗಳು ಸಿಕ್ಕಿದ್ದವಂತೆ. ಚಿಂದಿ ಬಟ್ಟೆ ಮತ್ತು ಹಂದಿಯ ಬಿರುಗೂದಲಿನಿಂದ ಮಾಡಿದ ಗೊಂಬೆಗಳು. ಮೈಗೆಲ್ಲ ತಲೆಯಿಲ್ಲದ ಗುಂಡುಸೂಜಿ, ಮೊನೆ ಹೊರಕ್ಕೆ. ಇನ್ನೊಂದು ಸಾಕ್ಷ್ಯ, ಬಟ್ಟೆಗೆ ಬಣ್ಣ ಹಾಕುವ ಸ್ಯಾಮ್ಯುಯೆಲ್ ಶಾಟಕ್ ಎಂಬವನದು. ಈಕೆ ಬಣ್ಣಕ್ಕೆಂದು ಲೇಸಿನ ತುಂಡುಗಳನ್ನು ತರುತ್ತಿದ್ದಳು, ಅವುಗಳಲ್ಲಿ ಕೆಲವು ಯಾವ ಉಪಯೋಗಕ್ಕೂ ಬಾರದಷ್ಟು ಗಿಡ್ಡವಾಗಿದ್ದವು ಎಂದು ಆತ ಹೇಳಿದ. ಮನುಷ್ಯರ ಮೈಗೆ ಆಗದ ಲೇಸು ಮತ್ತೆ ಯಾರ ಮೈಗೆ? ಊರಿಗೆ ಊರೇ ಅರ್ಥ ಮಾಡಿಕೊಂಡಿತು.

ಗೊಂಬೆ, ಸೂಜಿ, ತಂದು ನೆಟ್ಟ ಕೂದಲು, ಅಂಗೈಯಗಲದ ಲೇಸು. ಇವಿಷ್ಟನ್ನೂ ಇಂದು ಹವ್ಯಾಸದ ಸಾಮಾನು ಎಂದು ಪೊಟ್ಟಣ ಕಟ್ಟಿ ಮಾರುತ್ತಾರೆ. ಕೊಳ್ಳುವವರು ನೆಲಮಾಳಿಗೆಯ ಗೋಡೆಯೊಳಗೆ ಬಚ್ಚಿಡುವುದಿಲ್ಲ, ಗಾಜಿನ ಕಪಾಟಿನಲ್ಲಿ ದೀಪ ಹಾಕಿ ಇಡುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೊಂಬೆಯೇ ಮಾಟಗಾತಿಯಾಗಿರಬೇಕು ಎಂದು ಹಟ ಹಿಡಿಯುತ್ತಾರೆ. ಅಂಥದೊಂದು ಸಾಲಿನ ಗೊಂಬೆಗಳು ಬ್ರಾಟ್ಜಿಲ್ಲಾಜ್. 2012ರಲ್ಲಿ ಎಂಜಿಎ ಎಂಬ ಅಮೆರಿಕದ ಕಂಪನಿ ಹೊರತಂದದ್ದು.

ಇವುಗಳ ವಂಶಾವಳಿ ತಿಳಿಯದೆ ಮುಂದೆ ಹೋಗುವಂತಿಲ್ಲ. ಎಂಜಿಎಯ ಹಿರಿಯ ಹೆಣ್ಣುಮಕ್ಕಳು ಬ್ರಾಟ್ಜ್, 2001ರಲ್ಲಿ ಹುಟ್ಟಿದವರು. ಮೈಗಿಂತ ತಲೆ ದೊಡ್ಡದು, ತಲೆಯಲ್ಲಿ ಅರ್ಧ ಕಣ್ಣು, ಉಳಿದದ್ದರಲ್ಲಿ ಹೆಚ್ಚಿನದು ತುಟಿ. ಷೂ ಬದಲಿಸಲು ಹೋದರೆ ಪಾದವೂ ಷೂ ಜೊತೆಗೇ ಕಳಚಿ ಬರುತ್ತದೆ. ನಮ್ಮ ಕಡೆಯ ಮೋಹಿನಿಗೆ ಪಾದ ಹಿಂದುಮುಂದಾಗಿಯಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ. ಇಷ್ಟಾದರೂ ಇವರನ್ನು ಯಾರೂ ಮಾಟಗಾತಿಯರು ಎನ್ನಲಿಲ್ಲ, ಫ್ಯಾಷನ್ ಎಂದರು.

ಬಾರ್ಬಿಯನ್ನು ಮಾಡುವ ಮ್ಯಾಟೆಲ್ ಕಂಪನಿ ಮಾತ್ರ ಇವರನ್ನು ಕಂಡು ಬೆಚ್ಚಿತು. ಬ್ರಾಟ್ಜ್‌ನ ಚಿತ್ರ ಬರೆದ ಕಾರ್ಟರ್ ಬ್ರಯಂಟ್ ಹಿಂದೆ ತನ್ನ ಸಂಬಳದಾಳಾಗಿದ್ದ, ಆದ್ದರಿಂದ ಆ ತುಟಿ, ಆ ತಲೆ, ಆ ಮುನಿಸು ಎಲ್ಲವೂ ತನ್ನ ಆಸ್ತಿ ಎಂದು 2004ರಲ್ಲಿ ದಾವೆ ಹೂಡಿತು. 2008ರಲ್ಲಿ ಜ್ಯೂರಿ ಮ್ಯಾಟೆಲ್‌ಗೆ 10 ಕೋಟಿ ಡಾಲರ್ ಪರಿಹಾರ ಎಂದಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಉರುಳಿಸಿ, ಮುನಿಸಿಕೊಂಡ ಮುಖದ ಗೊಂಬೆ ಎಂಬ ಕಲ್ಪನೆ ಯಾರೊಬ್ಬರ ಆಸ್ತಿಯೂ ಅಲ್ಲ ಎಂದಿತು. 2011ರಲ್ಲಿ ಚಕ್ರ ತಿರುಗಿ, ಮ್ಯಾಟೆಲ್‌ನವರೇ ಎಂಜಿಎಗೆ 30 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕು ಎಂದಾಯಿತು. 2013ರಲ್ಲಿ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬಿದ್ದುಹೋಯಿತು. ಕೊನೆಗೆ ಗಟ್ಟಿಯಾಗಿ ನಿಂತದ್ದು ಎಂಜಿಎಯ ವಕೀಲರ ಫೀಸು ಮತ್ತು ಖರ್ಚು: ಸುಮಾರು 13.7 ಕೋಟಿ ಡಾಲರ್. ಕಪ್ಪು ನಿಲುವಂಗಿ ತೊಟ್ಟು ಮಂತ್ರ ಹೇಳಿ ಶೂನ್ಯದಿಂದ ಚಿನ್ನ ತೆಗೆಯುವವರು ಯಾರು ಎಂದು ಇನ್ನೂ ಹುಡುಕಬೇಕಾಗಿಲ್ಲ.

ಬ್ರಿಜೆಟ್ ಬಿಷಪ್‌ಳ ವಿಚಾರಣೆ ನಡೆದದ್ದು ಜೂನ್ 2ರಂದು, ನೇಣಾದದ್ದು ಜೂನ್ 10ರಂದು. ಗೊಂಬೆ ಇಟ್ಟುಕೊಂಡಿದ್ದ ಹೆಂಗಸಿಗೆ ಎಂಟು ದಿನ, ಗೊಂಬೆಗೆ ಒಂಬತ್ತು ವರ್ಷ. ನ್ಯಾಯದಾನದಲ್ಲಿ ಪ್ರಗತಿಯಾಗಿಲ್ಲ ಎನ್ನುವವರು ನಾಲಿಗೆ ಬಿಗಿ ಹಿಡಿಯಬೇಕು.

ಈ ಜಗಳ ಕಾವಿನಲ್ಲಿರುವಾಗಲೇ, 2010ರಲ್ಲಿ, ಮ್ಯಾಟೆಲ್ ಮಾನ್‌ಸ್ಟರ್ ಹೈ ಎಂಬ ಗೊಂಬೆಗಳನ್ನು ತಂದಿತು. ರಕ್ತಪಿಶಾಚಿಯ ಮಗಳು, ತೋಳಮಾನವನ ಮಗಳು, ಹೊಲಿಗೆ ಹಾಕಿದ ಹೆಣದ ಮಗಳು, ಎಲ್ಲರೂ ಹೈಸ್ಕೂಲಿಗೆ ಹೋಗುವವರು, ಎಲ್ಲರೂ ಎತ್ತರದ ಹಿಮ್ಮಡಿಯವರು. ವ್ಯಾಪಾರ ಕುದುರಿತು. ಪರರ ಕಲ್ಪನೆ ಕದ್ದಿತೆಂಬ ಆರೋಪದ ವಿರುದ್ಧ ವರ್ಷಗಟ್ಟಲೆ ಹೋರಾಡಿ, ಸ್ವಂತ ಪ್ರತಿಭೆಯ ಘನತೆಯನ್ನು ನ್ಯಾಯಾಲಯದಲ್ಲಿ ಎತ್ತಿ ಹಿಡಿದಿದ್ದ ಎಂಜಿಎ ಎರಡೇ ವರ್ಷದಲ್ಲಿ ತಾನೂ ಈ ಬ್ರಾಟ್ಜಿಲ್ಲಾಜ್ ಎಂಬ ಭಯಾನಕ ಗೊಂಬೆಗಳನ್ನು ತಂದಿತು. ಇವರು ಬ್ರಾಟ್ಜ್‌ನ ದಾಯಾದಿ ಅಕ್ಕತಂಗಿಯರಂತೆ, ಹುಟ್ಟಾ ಮಾಟಗಾತಿಯರಂತೆ. ಕಾಕತಾಳೀಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಹೆಸರುಗಳನ್ನು ನೋಡಿ. ಕ್ಲೊಯೆಟ್ಟಾ ಸ್ಪೆಲ್ಲೆಟ್ಟಾ ಮಂತ್ರ ಹಾಕುವವಳು. ಯಾಸ್ಮಿನಾ ಕ್ಲೇರ್‌ವೋಯಾ ಭವಿಷ್ಯ ಹೇಳುವವಳು. ಸಾಶಾಬೆಲ್ಲಾ ಪಾಸ್ ಪ್ರಾಣಿಗಳ ಜೊತೆ ಮಾತನಾಡುವವಳು. ಜೇಡ್ ಜಾಡೋರ್‌ಳದು ವಶೀಕರಣದ ಮದ್ದು. ಮೇಗಾನಾ ಬ್ರೂಮ್‌ಸ್ಟಿಕ್ಸ್ ಪೊರಕೆಯ ಮೇಲೆ ಹಾರುವವಳು. ಇದರಲ್ಲಿ ಯಾವ ಒಂದನ್ನು ಮಾಡಿದ್ದಾಳೆ ಎಂದು ನೆರೆಮನೆಯವನು ಹೇಳಿದರೂ ಸೇಲಂನಲ್ಲಿ ಕುತ್ತಿಗೆಗೆ ಹಗ್ಗ ಬೀಳುತ್ತಿತ್ತು. ಇಲ್ಲಿ ಐದೂ ವಿದ್ಯೆಗಳಿಗೆ ಹೊಂದುವ ಚೀಲ, ಬಾಚಣಿಗೆ, ಸಾಕುಪ್ರಾಣಿ ಉಂಟು. ಮಾಟಗಾತಿ ಎಂದರೆ ಹೆದರಿಕೆ ಹುಟ್ಟಬೇಕು ಎಂಬುದು ಹಳೆಯ ಕಾಲದ ಮಾತು. ಈಗ ಆಕೆ ಊರನ್ನು ನಡುಗಿಸಬೇಕಾಗಿಲ್ಲ, ಕಣ್ಣಿನ ಬಣ್ಣ ಲಂಗಕ್ಕೆ ಹೊಂದಿದರೆ ಸಾಕು.

ಆದರೆ ವಶೀಕರಣದ ಮದ್ದು ಕೊಳ್ಳುವವರ ಮೇಲೆ ಕೆಲಸ ಮಾಡಲಿಲ್ಲ. ಬಂದಷ್ಟೇ ಬೇಗ ಈ ಗೊಂಬೆಗಳ ತಯಾರಿ ನಿಂತಿತು. ಅಲ್ಲಿಗೆ ಇವುಗಳ ಕತೆ ಮುಗಿಯಬೇಕಿತ್ತು. ಅಲ್ಲಿಂದಲೇ ಶುರುವಾಯಿತು. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಎನ್ನುವ ಹಾಗೆ, ಅಂಗಡಿಯ ಕಪಾಟಿನಲ್ಲಿ ಬಿದ್ದಿದ್ದಾಗ ಯಾರೂ ಮೂಸದ ಮಾಟಗಾತಿ ಅಂಗಡಿಯಿಂದ ಮಾಯವಾದ ಮೇಲೆ ಅಪರೂಪದ ಕಲಾಕೃತಿಯಾದಳು. ಅಷ್ಟು ಹೊತ್ತಿಗೆ, ಇವಳ ಜೊತೆ ಆಡಬೇಕಾಗಿದ್ದ ಹುಡುಗಿಯರು ಸ್ವಂತ ಸಂಬಳ ಎಣಿಸುವಷ್ಟು ಬೆಳೆದಿದ್ದರು. ಆಟಿಕೆಗೆ ಮಗುವಿಗಿಂತ ಸಂಬಳವೇ ಮುಖ್ಯ ಎಂದು ಮಾರುಕಟ್ಟೆಗೆ ಗೊತ್ತಾದದ್ದು ಹೀಗೆ.

ಸಂಗ್ರಾಹಕರಲ್ಲಿ ಎರಡು ಮಠಗಳಿವೆ. ಮೊದಲನೆಯದು ಪೆಟ್ಟಿಗೆ ತೆರೆಯದವರದು. ಇವರ ಪ್ರಕಾರ ಗೊಂಬೆಯ ಜೀವ ಇರುವುದು ರಟ್ಟಿನಲ್ಲಿ. ಪೆಟ್ಟಿಗೆಯ ಮೂಲೆ ಒಂದು ಕೂದಲೆಳೆಯಷ್ಟು ನುಗ್ಗಾಗಿದ್ದರೆ ಮಾಟಗಾತಿಯ ಬೆಲೆ ಇಳಿಯುತ್ತದೆ, ಮಾರಿದವನ ಕುಲ ಇಳಿಯುತ್ತದೆ. ಪೆಟ್ಟಿಗೆಯೊಳಗಿನ ಸ್ಥಿತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಾಲಿಗೆ, ಸೊಂಟಕ್ಕೆ, ಕೈಗೆ ಪ್ಲಾಸ್ಟಿಕ್ ಬಿಗಿ. ತಲೆ ಅಲುಗದಿರಲೆಂದು ನೆತ್ತಿಯಿಂದ ಹಿಂಬದಿಯ ರಟ್ಟಿಗೆ ಪ್ಲಾಸ್ಟಿಕ್ ಎಳೆ ಚುಚ್ಚಿರುತ್ತಾರೆ. ಹಾರಬಲ್ಲವಳು ಎಂದು ಹೊರಗೆ ಬಣ್ಣದ ಅಕ್ಷರದಲ್ಲಿ ಬರೆದಿದೆ. ಒಳಗೆ ಹತ್ತು ವರ್ಷದಿಂದ ನೆತ್ತಿಗೆ ಮೊಳೆ ಹೊಡೆದ ಸ್ಥಿತಿಯಲ್ಲಿ ಆಕೆ ನಗುತ್ತಿದ್ದಾಳೆ. ಕೆಲವರು ಎರಡೆರಡು ಕೊಳ್ಳುತ್ತಾರೆ, ಒಂದು ತೆರೆಯಲು, ಒಂದು ತೆರೆಯದಿರಲು. ತೆರೆಯಲೆಂದು ಕೊಂಡದ್ದನ್ನು ತೆರೆಯಲು ಮನಸ್ಸು ಬಾರದೆ ಮೂರನೆಯದನ್ನು ಹುಡುಕುವವರೂ ಇರುತ್ತಾರೆ.

ಎರಡನೆಯ ಮಠ ಮರುಶೃಂಗಾರದವರದು. ನನ್ನ ಆಸಕ್ತಿ ಇವರಲ್ಲಿ, ಏಕೆಂದರೆ ಇವರು ಮಾಡುವುದನ್ನು ಕಂಡರೆ ಶಾಟಕ್ ಮಹಾಶಯ ಬಣ್ಣದ ಹಂಡೆಯನ್ನು ಬಿಟ್ಟು ಓಡುತ್ತಿದ್ದ. ಮೊದಲು ಕಂಪನಿ ಬಳಿದ ಮುಖವನ್ನು ಅಳಿಸಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಅಸಿಟೋನಿನಲ್ಲಿ, ಅಂದರೆ ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲಿ, ಅದ್ದಿ ತುಟಿಯ ಮೇಲೆ ಆಡಿಸಿದರೆ ಕೆಂಪು ಕರಗಿ ಹುಬ್ಬಿನವರೆಗೂ ಹರಡುತ್ತದೆ. ಕ್ಷಣಕಾಲ ಗೊಂಬೆ ಯಾರೋ ಕಪಾಳಕ್ಕೆ ಬಾರಿಸಿದಂತೆ ಕಾಣುತ್ತದೆ. ಇನ್ನಷ್ಟು ಕಡ್ಡಿ, ಇನ್ನಷ್ಟು ಉಜ್ಜು, ಕೊನೆಗೆ ಉಳಿಯುವುದು ಮೊಟ್ಟೆಯಂಥ ನುಣ್ಣನೆಯ ಮುಖ. ಬ್ರಾಟ್ಜಿಲ್ಲಾಜ್‌ನಲ್ಲಿ ಒಂದು ತೊಡಕಿದೆ: ಕಣ್ಣು ಬಣ್ಣದ್ದಲ್ಲ, ಗಾಜಿನಂಥದು, ಗುಳಿಯಲ್ಲಿ ಕೂರಿಸಿದ್ದು. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಹುಬ್ಬಿಲ್ಲದ, ತುಟಿಯಿಲ್ಲದ, ಬೋಳುಮುಖದ ನಡುವೆ ಎರಡು ಕಣ್ಣು ಮಿಣಮಿಣ ನಿಮ್ಮನ್ನೇ ನೋಡುತ್ತಿರುತ್ತವೆ. ಇಡೀ ಪ್ರಕರಣದಲ್ಲಿ ಮಾಟಗಾತಿ ನಿಜವಾಗಿ ಹೆದರಿಸುವುದು ಈ ಒಂದೇ ಘಟ್ಟದಲ್ಲಿ, ಅದೂ ಕಂಪನಿಯ ಕೈವಾಡವಿಲ್ಲದೆ.

ಆಮೇಲೆ ತಲೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ವಿನೈಲ್ ಮೆತ್ತಗಾದ ಮೇಲೆ ಕತ್ತಿನಿಂದ ಕಿತ್ತು, ಹಳೆಯ ಕೂದಲನ್ನು ಬುಡಸಹಿತ ತೆಗೆದು, ಸೂಜಿಯಿಂದ ಒಂದೊಂದೇ ತೂತಿಗೆ ಹೊಸ ಕೂದಲನ್ನು ನೆಡುತ್ತಾರೆ. ಹಂದಿಯ ಬಿರುಗೂದಲಿಗೆ ಈಗ ಬೇಡಿಕೆಯಿಲ್ಲ. ಕೂದಲಿಗೆ ನೈಲಾನ್ ಮೇಲೋ, ಸರಾನ್ ಎಂಬ ಇನ್ನೊಂದು ಪ್ಲಾಸ್ಟಿಕ್ ಎಳೆ ಮೇಲೋ ಎಂಬ ಚರ್ಚೆಯಲ್ಲಿ ಹಳೆಯ ಗೆಳೆತನಗಳು ಮುರಿದಿವೆ. ಸುರುಳಿ ಬೇಕಾದವರು ಕೂದಲನ್ನು ಸ್ಟ್ರಾಗೆ ಸುತ್ತಿ ಕುದಿನೀರು ಸುರಿಯುತ್ತಾರೆ. ಮುಖಕ್ಕೆ ಮಂಕು ಮೆರುಗಿನ ಸ್ಪ್ರೇ ಹೊಡೆದು, ಜಲವರ್ಣದ ಪೆನ್ಸಿಲ್ಲಿನಿಂದ ರೆಪ್ಪೆ ಬರೆದು, ಚಾಕ್ ಪುಡಿಯಿಂದ ಕೆನ್ನೆ ಕೆಂಪೇರಿಸಿ, ಮತ್ತೆ ಸ್ಪ್ರೇ. ಗಾಳಿಯಲ್ಲಿ ತೇವವಿದ್ದರೆ ಮೆರುಗು ಬೂದಿಯಂತೆ ಬೆಳ್ಳಗಾಗುತ್ತದೆ, ಆದ್ದರಿಂದ ಒಣಹವೆಯ ದಿನ ಕಾದು, ಹೊಗೆ ಮೂಗಿಗೇರದಂತೆ ವಿಷಾನಿಲದ ಮಾಸ್ಕ್ ಧರಿಸಿ ಹಿತ್ತಿಲಿಗೆ ಹೋಗಬೇಕು. ಬೇಲಿಯಾಚೆಯ ನೆರೆಯವರಿಗೆ ಕಾಣುವುದಿಷ್ಟು: ಮುಖ ಮುಚ್ಚಿದ ಆಸಾಮಿಯೊಬ್ಬರು ಆಕಾಶ ನೋಡಿ ಗಳಿಗೆ ಲೆಕ್ಕ ಹಾಕಿ, ಕಡ್ಡಿಗೆ ಸಿಕ್ಕಿಸಿದ ಪುಟ್ಟ ರುಂಡಕ್ಕೆ ಹೊಗೆ ಹಾಕುತ್ತಿದ್ದಾರೆ. 1692ರಲ್ಲಿ ಇಷ್ಟು ದೃಢವಾದ ಸಾಕ್ಷ್ಯ ಯಾರ ವಿರುದ್ಧವೂ ಇರಲಿಲ್ಲ.

ಇದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಬರುವ ಗೊಂಬೆ ಚೆನ್ನಾಗಿರುವುದಿಲ್ಲವೇ? ಇರುತ್ತದೆ, ಸುಳ್ಳೇಕೆ ಹೇಳಬೇಕು. ಎಷ್ಟೋ ಸಲ ಕಾರ್ಖಾನೆಯವರು ನಾಚಬೇಕು, ಹಾಗಿರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಸೋನಿಯಾ ಸಿಂಗ್ ಎಂಬಾಕೆ ಗುಜರಿಯಲ್ಲಿ ಬಿದ್ದಿದ್ದ ಬ್ರಾಟ್ಜ್ ಮುಂತಾದ ಗೊಂಬೆಗಳ ಬಣ್ಣ ಒರೆಸಿ, ಸಾದಾ ಮಕ್ಕಳ ಮುಖ ಬರೆದು, ಕಳೆದುಹೋದ ಪಾದಗಳಿಗೆ ಬದಲಾಗಿ ಷೂ ಅಚ್ಚು ಮಾಡಿ, ತನ್ನ ತಾಯಿ ಹೆಣೆದ ಸ್ವೆಟರ್ ತೊಡಿಸಿದಾಗ 2015ರಲ್ಲಿ ಜಗತ್ತೇ ಮೆಚ್ಚಿತು. ಆಕೆಯ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಗುಜರಿಯಿಂದ ತಂದದ್ದು, ದುಡ್ಡು ದಂಡವಿಲ್ಲ. ನನ್ನ ಕೈಮುಗಿತ ಮೀಸಲಿರುವುದು ದುಬಾರಿ ಬೆಲೆಗೆ ಅಪರೂಪದ ಮಾಟಗಾತಿಯನ್ನು ಹುಡುಕಿ ತರಿಸಿ, ಅವಳನ್ನು ಅಪರೂಪಗೊಳಿಸಿದ ಮುಖವನ್ನೇ ಮೊದಲು ಅಳಿಸುವವರಿಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಗೊಂಬೆ ಇನ್ನೂ ಅಂಚೆಯಲ್ಲಿರುವಾಗಲೇ ಅವಳ ಗೌನಿಗೆ ಲೇಸು ಕತ್ತರಿಸಿ ಇಟ್ಟಿರುತ್ತಾರೆ.

ಮಾಟಗಾತಿ ವೇಷದ ಹ್ಯಾಲೋವೀನ್ ಬರುವ ಋತುವಿನಲ್ಲೇ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸುತ್ತಾರೆಯೇ ಹೊರತು ರಾಣಿಯ ಮುಖ ಒರೆಸಿ ಬೇರೆ ಬರೆಯುವ ಧೈರ್ಯ ಯಾವ ಸೊಸೆಗೂ ಬಂದಿಲ್ಲ. ಅತ್ತೆ ಬದುಕಿದ್ದಾರೆ.

ಸೇಲಂನ ವಿಷಯ ಕೇಳಿದರೆ, ಆ ಊರು ಈಗ ಸುಖವಾಗಿದೆ. ಅಲ್ಲಿನ ಪೊಲೀಸ್ ವಾಹನಗಳ ಲಾಂಛನದಲ್ಲಿ ಪೊರಕೆ ಏರಿದ ಮಾಟಗಾತಿ ಇದ್ದಾಳೆ, ಹೈಸ್ಕೂಲಿನ ಆಟದ ತಂಡದ ಹೆಸರೂ ಅದೇ. 2005ರಲ್ಲಿ ಟಿವಿ ಧಾರಾವಾಹಿಯೊಂದರ ಸುಂದರ ಮಾಟಗಾತಿಗೆ ಕಂಚಿನ ಪ್ರತಿಮೆ ನಿಂತಿತು. ನಿಜವಾಗಿ ನೇಣಾದ 19 ಜನರ ಸಾವಿನ ಜಾಗದಲ್ಲಿ ಸ್ಮಾರಕ ಏಳಲು 2017 ಬರಬೇಕಾಯಿತು. ಆ ಜಾಗ ಒಂದು ಔಷಧಿ ಅಂಗಡಿಯ ಹಿಂಬದಿಯಲ್ಲಿದೆ. ಅಸಿಟೋನ್ ಮುಗಿದಿದ್ದರೆ ಹಾಗೆಯೇ ತಂದುಬಿಡಬಹುದು.

ಬ್ರಿಜೆಟ್‌ಳ ಹೆಸರು ಅಧಿಕೃತವಾಗಿ ದೋಷಮುಕ್ತವಾದದ್ದು ಯಾವಾಗ ಗೊತ್ತೇ? ಮ್ಯಾಸಚೂಸೆಟ್ಸ್ ಶಾಸನಸಭೆಯ 1957ರ ನಿರ್ಣಯದಲ್ಲಿ ಒಬ್ಬಾಕೆಯ ಹೆಸರು ಬರೆದು ಉಳಿದವರನ್ನು ‘ಇತರ ಕೆಲವರು’ ಎಂದು ಸಾಗಹಾಕಿದ್ದರು. ಹೆಸರು ಹಿಡಿದು ಬರೆದದ್ದು 2001ರಲ್ಲಿ. ಅದಕ್ಕೆ ಸಹಿ ಬಿದ್ದ ದಿನ ಅಕ್ಟೋಬರ್ 31, ಹ್ಯಾಲೋವೀನ್. ಮಕ್ಕಳು ಚೂಪು ಟೋಪಿ ತೊಟ್ಟು ಚಾಕೊಲೇಟ್ ಕೇಳುವ ದಿನ. ಬ್ರಾಟ್ಜ್ ಅಂಗಡಿಗೆ ಬಂದದ್ದೂ ಅದೇ ವರ್ಷ. ನಮ್ಮ ಝಾರ್ಖಂಡ್‌ನಲ್ಲಿ ಹೆಂಗಸರನ್ನು ಮಾಟಗಾತಿ ಎಂದು ಕರೆದು ಹಿಂಸಿಸುವುದರ ವಿರುದ್ಧ ಕಾನೂನು ಬಂದದ್ದೂ 2001ರಲ್ಲೇ. ಅಲ್ಲಿ ಮೈಮೇಲೆ ಲೇಸು ಇರಲಿ ಬಿಡಲಿ, ಹೊಲದ ತಕರಾರೊಂದಿದ್ದರೆ ಸಾಕಾಗುತ್ತದೆ. ಆ ಮಾಟಗಾತಿಯರಿಗೆ ಪೆಟ್ಟಿಗೆಯಿಲ್ಲ, ಸಂಗ್ರಾಹಕರೂ ಇಲ್ಲ.

ಈಗ ಸಂಗ್ರಾಹಕರ ಮನೆಗಳಲ್ಲಿ ಹೊಸದೊಂದು ಆತಂಕ. 2021ರಲ್ಲಿ ಬ್ರಾಟ್ಜ್‌ಗೆ 20 ತುಂಬಿದಾಗ ಎಂಜಿಎ ಹಳೆಯ ಅಚ್ಚಿನ ಗೊಂಬೆಗಳನ್ನೇ ಮತ್ತೆ ತಂದಿತು. ಮರುವರ್ಷ ಮ್ಯಾಟೆಲ್ ಕೂಡ ಮಾನ್‌ಸ್ಟರ್ ಹೈಯ ಮೊದಲ ಗೊಂಬೆಗಳನ್ನು ಮರುಮುದ್ರಿಸಿತು. ಹಾಗಾದರೆ ಮುಂದಿನ ಸರದಿ ಮಾಟಗಾತಿಯರದೇ? ಇವರನ್ನು ಮತ್ತೆ ತನ್ನಿ ಎಂದು ವರ್ಷಗಟ್ಟಲೆ ಅರ್ಜಿ ಹಾಕಿದವರೇ ಈಗ ಬರದಿರಲಿ ಎಂದು ಹರಕೆ ಹೊರುತ್ತಿರಬೇಕು. ಸಾಲುಸಾಲಾಗಿ ಮೇಗಾನಾ ಅಂಗಡಿಗೆ ಬಂದರೆ ಕಪಾಟಿನಲ್ಲಿರುವ ಮೇಗಾನಾಳ ಗತಿಯೇನು? ಅದರಲ್ಲೂ ಮುಖ ಅಳಿಸಿ, ಕೂದಲು ಕಿತ್ತು, ಬೇರೆ ಹೆಸರಿಟ್ಟಾದ ಮೇಲೆ ತನ್ನದೇ ಮೂಲಪ್ರತಿ ಎಂದು ರುಜುವಾತು ಮಾಡುವುದಾದರೂ ಹೇಗೆ? ಮತ್ತೆ ವಕೀಲರನ್ನು ಕಾಣಬೇಕು.