ಮೋಟಾರಿಗೊಂದು ಫೋನ್ ನಂಬರ್

ಬೆಳಗಿನ ಹೊತ್ತು ಮಂಡ್ಯದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕೂತು ನೋಡಿ. ಮದ್ದೂರು ದಾಟುವಷ್ಟರಲ್ಲಿ ಯಾರಾದರೊಬ್ಬರು ಜೇಬಿನಿಂದ ಫೋನ್ ತೆಗೆದು ಕಿವಿಗೆ ಹಿಡಿಯುತ್ತಾರೆ. ಹಲೋ ಅನ್ನುವುದಿಲ್ಲ. ತಿಂಡಿ ಆಯ್ತಾ ಅಂತ ಕೇಳುವುದಿಲ್ಲ. ಆ ಕಡೆಯವರು ಹೇಳಿದ್ದನ್ನು ಸುಮ್ನೆ ಕೇಳಿಸಿಕೊಂಡು, ಒಂದು ನಂಬರ್ ಒತ್ತಿ, ಫೋನನ್ನು ಮತ್ತೆ ಜೇಬಿಗೆ ಇಳಿಸುತ್ತಾರೆ. ಹೊಸಬರು ನೋಡಿದರೆ ಏನೋ ಗುಟ್ಟಿನ ವ್ಯವಹಾರ ಅಂದುಕೊಳ್ಳಬೇಕು. ಗುಟ್ಟೇನೂ ಇಲ್ಲ. ಊರಲ್ಲಿ ಕಬ್ಬಿಗೆ ನೀರು ಬಿಟ್ಟರು, ಅಷ್ಟೆ.

ನಮ್ಮ ಕಡೆ ಈಗ ಪಂಪ್‌ಸೆಟ್‌ಗೂ ಫೋನ್ ನಂಬರ್ ಇದೆ. ಸ್ಟಾರ್ಟರ್ ಪಕ್ಕದಲ್ಲಿ ಟಿಫನ್ ಡಬ್ಬಿಯಷ್ಟು ದೊಡ್ಡ ಇನ್ನೊಂದು ಪೆಟ್ಟಿಗೆ. ಒಳಗೊಂದು ಸಿಮ್, ಹೊರಗೊಂದು ಗಿಡ್ಡ ಆಂಟೆನಾ. ಫೋನ್ ಮಾಡಿದರೆ ಹೆಣ್ಣುಮಗಳೊಬ್ಬಳ ದನಿ ಅಚ್ಚಕನ್ನಡದಲ್ಲಿ ವರದಿ ಒಪ್ಪಿಸುತ್ತದೆ: ಮೂರು ಫೇಸೂ ಬಂದಿದೆಯಾ, ಮೋಟಾರ್ ಓಡುತ್ತಿದೆಯಾ, ನಿಂತಿದೆಯಾ. ಶುರು ಮಾಡಲು ಒಂದು ನಂಬರ್, ನಿಲ್ಲಿಸಲು ಇನ್ನೊಂದು. ಬೋರ್‌ನಲ್ಲಿ ನೀರು ಕಡಿಮೆಯಾದರೆ ತಾನೇ ಮೋಟಾರ್ ನಿಲ್ಲಿಸಿ ಯಜಮಾನನಿಗೆ ಫೋನ್ ಮಾಡುತ್ತದೆ. ಇದು ಸಣ್ಣ ಉಪಕಾರ ಅಂದುಕೊಳ್ಳಬೇಡಿ. ಬೋರ್ ಒಳಗಿನ ಮೋಟಾರನ್ನು ತಂಪಾಗಿಡುವುದು ಅದು ಮುಳುಗಿರುವ ನೀರೇ. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಕಾಯಿಲ್ ಸುಟ್ಟಿತು ಅಂತಲೇ ಲೆಕ್ಕ. ಆಮೇಲೆ ಮೋಟಾರ್ ಎತ್ತುವ ಗಾಡಿ ಬರಬೇಕು, ಪೈಪು ಒಂದೊಂದೇ ಬಿಚ್ಚಬೇಕು, ವೈಂಡಿಂಗ್ ಅಂಗಡಿಯವನು ಬೇರೆ ಕೆಲಸ ಜಾಸ್ತಿ ಇದೆ ಅಂತ ನಾಲ್ಕು ದಿನ ಸತಾಯಿಸಬೇಕು. ಅಷ್ಟರಲ್ಲಿ ಸೌತೆಬಳ್ಳಿ ಮುಗಿದಿರುತ್ತದೆ.

ಕೇಳಿದ್ದಕ್ಕೆ ಇಷ್ಟು ನೆಟ್ಟಗೆ ಉತ್ತರ ಕೊಡುವ ಇನ್ನೊಂದು ಪ್ರಾಣಿ ನಮ್ಮ ಮನೆಯಲ್ಲಿಲ್ಲ. ನಮ್ಮಪ್ಪ ನನಗೆ ವಾರಕ್ಕೊಂದು ಸಲ ಫೋನ್ ಮಾಡಿದರೆ ಹೆಚ್ಚು. ಮೋಟಾರಿಗೆ ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ. ಮದುವೆ ಮನೆಯಲ್ಲಿ ಧಾರೆ ನಡೆಯುತ್ತಿರುವಾಗ ಎಡಗೈಯಲ್ಲಿ ಅಕ್ಷತೆ ಹಿಡಿದುಕೊಂಡು ಬಲಗೈಯಲ್ಲಿ ಮೋಟಾರ್ ನಿಲ್ಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹಿಂದಿನ ಕಾಲವೇ ಚೆನ್ನಾಗಿತ್ತು ಅನ್ನುವವರು ರಾತ್ರಿ ಎರಡು ಗಂಟೆಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದವರಲ್ಲ. ಮೂರು ಫೇಸ್ ಕರೆಂಟ್ ಕೊಡುವುದೇ ದಿನಕ್ಕೆ ಇಂತಿಷ್ಟು ಗಂಟೆ. ಅದರಲ್ಲೂ ಒಂದು ಪಾಲು ಸರಿರಾತ್ರಿಯಲ್ಲಿ. ಹಟ್ಟಿಯಲ್ಲಿ ಸಣ್ಣದೊಂದು ಬಲ್ಬ್ ಹೊತ್ತಿಕೊಂಡರೆ ಕರೆಂಟ್ ಬಂತು ಅಂತ ಸೂಚನೆ. ಎದ್ದು, ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಹೊರಡಬೇಕು. ಕಬ್ಬಿದ್ದ ಕಡೆ ಇಲಿ, ಇಲಿ ಇದ್ದ ಕಡೆ ಕೊಳಕುಮಂಡಲ. ಈಚೆಗೆ ಚಿರತೆಯೂ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ನಡುಗುತ್ತಾ ಹೋಗಿ ಹಸಿರು ಗುಂಡಿ ಒತ್ತಿ, ನೀರು ಬಂದಿದ್ದು ನೋಡಿ ಅರ್ಧ ದಾರಿ ಬರುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಇದರಲ್ಲಿ ಯಾವ ಚೆಂದವೂ ಇರಲಿಲ್ಲ. ಆ ಪೆಟ್ಟಿಗೆ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ.

ಹಾಗೆ ನೋಡಿದರೆ ಕರೆಂಟಿನ ವಿಷಯದಲ್ಲಿ ನಮ್ಮ ಜಿಲ್ಲೆಯದ್ದು ಒಂಥರಾ ತಮಾಷೆಯ ಕಥೆ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ಮಾಡಿದರು. ಅದು ತಂತಿ ಹಿಡಿದು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ಕ್ಕೆ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು, 1908ಕ್ಕೆ ಮೈಸೂರಿಗೂ ಬಂತು. ತಂತಿಯ ಕೆಳಗಿದ್ದ ಎಷ್ಟೋ ಹಳ್ಳಿಗಳು ಮಾತ್ರ ಆಮೇಲೂ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಉಂಡು ಮಲಗಿದವು. ತಾವಾಗೇ ಕೆಲಸ ಮಾಡುವ ಯಂತ್ರಗಳೂ ನಮಗೆ ತೀರಾ ಹೊಸತಲ್ಲ. ನೀರು ಒಂದು ಮಟ್ಟಕ್ಕೆ ಬಂದರೆ ತಾನೇ ತೆರೆದುಕೊಳ್ಳುವ ಗೇಟನ್ನು ವಿಶ್ವೇಶ್ವರಯ್ಯನವರು ರೂಪಿಸಿ, 1903ರಲ್ಲೇ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಹಾಕಿಸಿದ್ದರು. ನಮ್ಮವರ ದೇವರ ಗೂಡಿನಲ್ಲಿ ಅವರ ಫೋಟೋ ಇರುವುದು ಕನ್ನಂಬಾಡಿ ಕಟ್ಟೆಗೆ, ಈ ಗೇಟಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ.

ನಾಲೆ ನೀರು ಹತ್ತುವ ಕಡೆ ಇನ್ನೊಂದು ವ್ಯವಸ್ಥೆ ಇತ್ತು, ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವ ಹೊತ್ತು ಅಂತ ನೋಡುವುದು ಆತನ ಕೆಲಸ. ಸುಗ್ಗಿಯಲ್ಲಿ ಕಣದ ಭತ್ತವೇ ಸಂಬಳ. ಆತನ ಹತ್ತಿರ ಜಗಳ ಮಾಡಬಹುದಿತ್ತು, ಬೀಡಿ ಕೊಟ್ಟು ಒಲಿಸಿಕೊಳ್ಳಬಹುದಿತ್ತು. ಪೆಟ್ಟಿಗೆಯ ಹೆಣ್ಣುಮಗಳ ಹತ್ತಿರ ಎರಡೂ ನಡೆಯುವುದಿಲ್ಲ.

ಬೋರ್ ನೀರಿಗೆ ನೀರುಗಂಟಿ ಇಲ್ಲ. ಅಲ್ಲಿ ಎಲ್ಲರೂ ಅವರವರ ನೀರಿಗೆ ಅವರವರೇ ದೊರೆ. ತಕರಾರು ಶುರುವಾಗುವುದೂ ಅಲ್ಲಿಂದಲೇ. ಫೋನ್ ಮಾಡುವುದಕ್ಕೂ ಬೇಜಾರಾದವರು ಆಟೋ ಸ್ವಿಚ್‌ಗೆ ಹಾಕಿ ಬಿಡುತ್ತಾರೆ. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರು. ಒಬ್ಬರು ಹಾಕಿದರೆ ತೊಂದರೆಯಿಲ್ಲ. ಒಂದೇ ಟಿಸಿಯಲ್ಲಿರುವ, ಅಂದರೆ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಎಳೆಯುವ ಅಷ್ಟೂ ಜನ ಹಾಕಿದರೆ? ಮೋಟಾರ್ ಹೊರಡುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹಿಂದೆ ಒಬ್ಬ ಬ್ಯಾಟರಿ ಹುಡುಕುತ್ತಿದ್ದ, ಒಬ್ಬ ನಿದ್ದೆಗಣ್ಣಲ್ಲಿ ಚಪ್ಪಲಿ ಹುಡುಕುತ್ತಿದ್ದ, ಮೋಟಾರ್‌ಗಳು ಹಿಂದೆ ಮುಂದೆ ಶುರುವಾಗುತ್ತಿದ್ದವು. ನಮ್ಮ ಸೋಮಾರಿತನವೇ ಟಿಸಿಯನ್ನು ಕಾಯುತ್ತಿತ್ತು. ಈಗ ಎಲ್ಲ ಒಂದೇ ಕ್ಷಣಕ್ಕೆ ಎದ್ದು ನಿಲ್ಲುತ್ತವೆ, ಢಂ ಅನ್ನುತ್ತದೆ, ಬೆಳಿಗ್ಗೆ ಎಲ್ಲರೂ ಸೇರಿ ಲೈನ್‌ಮನ್‌ಗೆ ಫೋನ್ ಮಾಡುತ್ತಾರೆ. ತೆಲಂಗಾಣದಲ್ಲಿ 2018ರಿಂದ ಪಂಪ್‌ಸೆಟ್‌ಗೆ 24 ಗಂಟೆ ಕರೆಂಟ್ ಕೊಡಲು ಹೊರಟಾಗ ಸರ್ಕಾರವೇ ರೈತರಿಗೆ ಆಟೋ ಸ್ಟಾರ್ಟರ್ ತೆಗೆದುಹಾಕಿ ಅಂತ ಹೇಳಿತ್ತು. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ಲೂ ಇಲ್ಲ. ನಿಲ್ಲಿಸದೆ ಬಿಟ್ಟರೆ ಜೇಬಿಗೆ ಗೊತ್ತಾಗುವುದಿಲ್ಲ, ಗೊತ್ತಾಗುವುದು ಬೋರ್‌ಗೆ. ಇದನ್ನು ಊರಲ್ಲಿ ಹೇಳಿದರೆ ನನ್ನನ್ನು ಮಂಡ್ಯ ಬಿಟ್ಟು ಓಡಿಸುತ್ತಾರೆ.

ಪೆಟ್ಟಿಗೆಗೂ ಅದರದ್ದೇ ಕಷ್ಟ ಉಂಟು. ಟವರ್ ಸಿಗದ ದಿನ ಫೋನ್ ಮಾಡಿದರೆ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅನ್ನುತ್ತದೆ. ಅಲ್ರೀ, 500 ಅಡಿ ಆಳದಲ್ಲಿ ಪೈಪಿಗೆ ನೇತುಬಿದ್ದಿರುವ ಮೋಟಾರ್ ವ್ಯಾಪ್ತಿ ಪ್ರದೇಶ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಸಿಮ್ ಅಂದ ಮೇಲೆ ಅದಕ್ಕೂ ಮೆಸೇಜ್‌ಗಳು ಬರುತ್ತಲೇ ಇರುತ್ತವೆ: ಸಾಲ ಬೇಕೇ, ಕಾಲರ್ ಟ್ಯೂನ್ ಬೇಕೇ.

ಇಷ್ಟಾದರೂ ಫೋನ್‌ಗೆ ನಿಲುಕದ್ದು ಒಂದಿದೆ. ಮೋಟಾರನ್ನು ಬೆಂಗಳೂರಿನ ಫ್ಲಾಟ್‌ನಲ್ಲಿ ಕೂತು ಹಾಕಬಹುದು, ನೀರು ಕಟ್ಟಲು ಆಗುವುದಿಲ್ಲ. ಒಂದು ಸಾಲು ತುಂಬಿದ ಮೇಲೆ ಸನಿಕೆ ಹಿಡಿದು ಮಣ್ಣು ಎಳೆದು ಮುಂದಿನ ಸಾಲಿಗೆ ತಿರುಗಿಸಲು ಒಬ್ಬ ಕಾಲು ಕೆಸರು ಮಾಡಿಕೊಳ್ಳಲೇಬೇಕು. ಬದುವಿನಲ್ಲಿ ಏಡಿ ಒಂದು ಬಿಲ ತೋಡಿದರೆ ಸಾಕು, ನೀರೆಲ್ಲ ಪಕ್ಕದವರ ರಾಗಿ ಹೊಲಕ್ಕೆ. ಪೆಟ್ಟಿಗೆ ಮಾತ್ರ ಮೋಟಾರ್ ಓಡುತ್ತಿದೆ, ಮೂರು ಫೇಸೂ ಸರಿಯಿದೆ ಅಂತ ಖುಷಿಯಾಗಿ ಹೇಳುತ್ತಿರುತ್ತದೆ. ಅದು ಸುಳ್ಳೂ ಅಲ್ಲ. ನಮ್ಮ ಊರಿನಲ್ಲಿ ಈಗ ಬೇಸಾಯ ಹೀಗೇ ಹಂಚಿಹೋಗಿದೆ: ಗುಂಡಿ ಒತ್ತುವ ಕೆಲಸ ಬೆಂಗಳೂರಿನ ಮಕ್ಕಳಿಗೆ, ಸನಿಕೆ ಅರವತ್ತು ದಾಟಿದ ಅಪ್ಪಂದಿರಿಗೆ. ಮಗ ಆಫೀಸಿನಲ್ಲಿ ಟೀ ಕುಡಿಯುತ್ತಾ ಮೋಟಾರ್ ಹಾಕುತ್ತಾನೆ. ಅಪ್ಪ ಇನ್ನೂ ಗದ್ದೆಗೆ ಹೋಗುವ ದಾರಿಯಲ್ಲೇ ಇರುತ್ತಾನೆ. ಹೊತ್ತು ಹೊಂದಿಸಿಕೊಳ್ಳಲು ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಬೇಕು. ಹಾಗಾಗಿ ಅಪ್ಪ ಮಕ್ಕಳ ಮಾತುಕತೆ ಈಗ ಜಾಸ್ತಿಯಾಗಿದೆ ಅಂತಲೂ ಹೇಳಬಹುದು. ವಿಷಯ ಮಾತ್ರ ಒಂದೇ.

ಮೊನ್ನೆ ನಮ್ಮಪ್ಪನಿಗೆ ಎಷ್ಟು ಸಲ ಮಾಡಿದರೂ ಫೋನ್ ಹೋಗಲಿಲ್ಲ. ಗಾಬರಿಯಾಗಿ ಪಕ್ಕದ ಮನೆಯವರಿಗೆ ಮಾಡಿದೆ. ಅವರು ಕೊಟ್ಟ ಫೋನ್‌ನಲ್ಲಿ ಅಪ್ಪ ನಿಧಾನಕ್ಕೆ ಹೇಳಿದರು: "ನನ್ನದು ಕರೆನ್ಸಿ ಮುಗೀತು ಕಣಪ್ಪ. ಮೋಟಾರಿಗೆ ಮೊನ್ನೇನೇ ಹಾಕಿಸಿದ್ದೀನಿ. ಏನಾದರೂ ಅರ್ಜೆಂಟ್ ಇದ್ದರೆ ಅದಕ್ಕೆ ಮಾಡು."